ಮೂವತ್ತೆಂಟಕ್ಕೆ ಕುದುರೆ ಹತ್ತಿದ್ದು, ಲಗಾಮು ಇಲ್ಲದೆ

ಓಡುವ ಕುದುರೆಯ ಮೇಲೆ ಜಿಮ್ನಾಸ್ಟಿಕ್ಸ್ ಮಾಡುವ ಆಟಕ್ಕೆ ವಾಲ್ಟಿಂಗ್ ಅಂತ ಹೆಸರು. ಸರ್ಕಸ್ ಅಂದುಕೊಳ್ಳಬೇಡಿ. ಜರ್ಮನಿಯಲ್ಲಿ ಎಷ್ಟೋ ಸಣ್ಣ ಊರುಗಳ ರೈಡಿಂಗ್ ಕ್ಲಬ್‌ಗಳಲ್ಲೂ ಇದರ ಕ್ಲಾಸ್ ಇರುತ್ತದೆ. ನಮ್ಮಲ್ಲಿ ಐದು ತುಂಬಿದ ಹುಡುಗಿಯನ್ನು ಭರತನಾಟ್ಯಕ್ಕೆ ಸೇರಿಸುತ್ತಾರಲ್ಲ, ಇಲ್ಲಿ ಹಾಗೇ ವೋಲ್ಟಿಗೆ ಸೇರಿಸುತ್ತಾರೆ. ಇಲ್ಲಿನವರು ಇದನ್ನು ಮುದ್ದಿನಿಂದ ಕರೆಯೋದು ವೋಲ್ಟಿ ಅಂತಲೇ. ಹುಡುಗರು ಅಪರೂಪ. ನನ್ನ ಹಾಗೆ ಮೂವತ್ತೆಂಟಕ್ಕೆ ಶುರು ಮಾಡುವವರು ಇನ್ನೂ ಅಪರೂಪ.

ನಾನು ಮೈಸೂರಿನವಳು. ಕುದುರೆ ಅಂದರೆ ನನಗೆ ಗೊತ್ತಿದ್ದದ್ದು ಟಾಂಗಾ ಕುದುರೆ, ಬಿಟ್ಟರೆ ದಸರಾದಲ್ಲಿ ಬರುವ ಪೊಲೀಸ್ ಕುದುರೆ. ಬನ್ನಿಮಂಟಪದ ಪಂಜಿನ ಕವಾಯತಿನಲ್ಲಿ ಸವಾರರು ಕುದುರೆ ಓಡಿಸಿಕೊಂಡು ಬಂದು ಈಟಿಯಲ್ಲಿ ನೆಲದ ಗೂಟ ಎತ್ತುವುದನ್ನು ಅಪ್ಪನ ಹೆಗಲ ಮೇಲೆ ಕೂತು ನೋಡಿದ್ದೆ. ಹತ್ತಿರ ಹೋಗಿ ಮುಟ್ಟಿದ್ದೆಲ್ಲ ಇಲ್ಲ.

ಕೆಲಸಕ್ಕೆ ಅಂತ ಬಂದಿದ್ದು ಆಖೆನ್‌ಗೆ. ಈ ಊರಿಗೆ ಕುದುರೆ ಹುಚ್ಚು. ಪ್ರತಿ ವರ್ಷ ಸೋರ್ಸ್ ಮೈದಾನದಲ್ಲಿ ಸಿಎಚ್‌ಐಒ ಅನ್ನುವ ದೊಡ್ಡ ಕೂಟ ನಡೆಯುತ್ತದೆ. ಆ ವಾರ ಬಸ್ಸಿನಲ್ಲೂ ಕುದುರೆಯದೇ ಮಾತು. ಆಫೀಸಿನವರ ಜೊತೆ ಜಂಪಿಂಗ್ ನೋಡೋಕೆ ಹೋದವಳು ಒಳಾಂಗಣದ ಹಾಲ್‌ಗೆ ಹೊಕ್ಕೆ. ನಡುವೆ ಒಬ್ಬರು ಉದ್ದನೆಯ ಹಗ್ಗ ಹಿಡಿದು ನಿಂತಿದ್ದಾರೆ. ಕುದುರೆ ಅವರ ಸುತ್ತ ಒಂದೇ ಹದದಲ್ಲಿ ಓಡುತ್ತಿದೆ. ಅದರ ಮೇಲೆ ಒಮ್ಮೆಗೇ ಮೂರು ಜನ. ಒಬ್ಬಳು ನಿಂತಿದ್ದಾಳೆ, ಒಬ್ಬಳು ಮಂಡಿಯೂರಿದ್ದಾಳೆ, ಪುಟ್ಟ ಹುಡುಗಿಯೊಬ್ಬಳು ಅವರಿಬ್ಬರ ಕೈಗಳ ಮೇಲೆ ಗಾಳಿಯಲ್ಲಿದ್ದಾಳೆ. ಜನ ಆ ಪುಟ್ಟ ಹುಡುಗಿಗೆ ಚಪ್ಪಾಳೆ ಹೊಡೆದರು. ನನ್ನ ಕಣ್ಣು ಮಾತ್ರ ಕೆಳಗೆ ನಿಂತವಳ ಮಂಡಿಯಿಂದ ಕದಲಲಿಲ್ಲ. ಕುದುರೆ ಮೇಲೆದ್ದಾಗ ಅವಳ ಮಂಡಿ ಒಂದಿಷ್ಟೇ ಬಾಗುತ್ತಿತ್ತು, ಇಳಿದಾಗ ನೇರ ಆಗುತ್ತಿತ್ತು. ಸೊಂಟದಿಂದ ಮೇಲೆ ಏನೂ ಅಲುಗುತ್ತಿರಲಿಲ್ಲ. ಇದು ಹೇಗೆ ಆಗುತ್ತೆ ಅಂತ ತಲೆಗೆ ಹುಳ ಬಿಟ್ಟಿದ್ದು ಅದೇ.

ಐದಾರು ಕ್ಲಬ್‌ಗಳಿಗೆ ಮೇಲ್ ಹಾಕಿದೆ. ಉತ್ತರ ಬಂದಲ್ಲೆಲ್ಲ ಒಂದೇ ಪ್ರಶ್ನೆ: ಮಗುವಿಗೆ ಎಷ್ಟು ವಯಸ್ಸು? ಮಗುವಿಗಲ್ಲ, ನನಗೇ ಅಂದರೆ ಮುಂದೆ ಸದ್ದಿಲ್ಲ. ಒಂದು ಕ್ಲಬ್ ಮಾತ್ರ ಸೋಮವಾರ ಸಂಜೆ ದೊಡ್ಡವರ ಗುಂಪು ಇದೆ, ಬಾ ಅಂದಿತು. ಚಿಕ್ಕಂದಿನಲ್ಲಿ ಮಾಡಿ ಬಿಟ್ಟವರೇ ಅದರಲ್ಲಿ ಜಾಸ್ತಿ, ಹೊಸಬರೂ ಸೇರಬಹುದಂತೆ. ಎರಡು ಕ್ಲಾಸ್ ಬಿಟ್ಟಿ ಪ್ರಯೋಗ, ಆಮೇಲೆ ಬೇಕಿದ್ದರೆ ಸದಸ್ಯತ್ವ. ಫೋನಿನಲ್ಲಿ ಕೋಚ್ ಕೇಳಿದ್ದು ಒಂದೇ ಮಾತು, ‘ತೂಕ ಎಷ್ಟು?’ ನಾಚಿಕೆ, ದಾಕ್ಷಿಣ್ಯ ಏನೂ ಇಲ್ಲ. ಹೊರೋದು ಕುದುರೆ ತಾನೆ, ಕೇಳಲೇಬೇಕು.

ಬಟ್ಟೆ ಬಗ್ಗೆ ಮೊದಲೇ ಹೇಳಿದ್ದರು. ಮೈಗೆ ಅಂಟುವ ಲೆಗ್ಗಿಂಗ್ಸ್, ಮೈಗೆ ಅಂಟುವ ಟೀ ಶರ್ಟ್. ಜೋತಾಡುವಂಥದ್ದು ಯಾವುದೂ ಬೇಡ. ಓಲೆ, ಬಳೆ, ಉಂಗುರ ಎಲ್ಲ ಬಿಚ್ಚಿಟ್ಟೆ. ಕರಿಮಣಿ ಸರ ತೆಗೆದು ಜೇಬಿಗೆ ಹಾಕಿಕೊಂಡರೆ ಕೋಚ್ ಅದನ್ನೂ ಬೇಡ ಅಂದರು, ಜೇಬಿನಲ್ಲಿ ಏನೂ ಇರಬಾರದಂತೆ. ಕಾಲಿಗೆ ಜಿಮ್ನಾಸ್ಟಿಕ್ಸ್‌ನ ಮೆತ್ತನೆ ಅಟ್ಟೆಯ ಚಪ್ಪಲಿಶೂ. ಕುದುರೆ ಬೆನ್ನಿಗೆ ಗಟ್ಟಿ ಅಟ್ಟೆ ತಾಗಬಾರದು.

ಹೆಲ್ಮೆಟ್ ಎಲ್ಲಿ ಅಂತ ಕೇಳಿದೆ. ವಾಲ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಹಾಕುವುದಿಲ್ಲವಂತೆ. ಬೀಳುವಾಗ ಉರುಳಬೇಕು, ತಲೆಗೆ ಹೆಚ್ಚಿನ ಭಾರ ಇರಬಾರದು, ಇಬ್ಬರು ಮೂವರು ಒಟ್ಟಿಗೆ ಮೇಲಿದ್ದಾಗ ಒಬ್ಬರ ಹೆಲ್ಮೆಟ್ ಇನ್ನೊಬ್ಬರ ಮುಖಕ್ಕೆ ಬಡಿಯಬಾರದು ಅನ್ನುವುದು ಅವರ ವಾದ. ನನಗೆ ಈ ವಾದ ಇವತ್ತಿಗೂ ಪೂರ್ತಿ ಒಪ್ಪಿಗೆ ಆಗಿಲ್ಲ. ಆದರೆ ಅದಕ್ಕೆ ತಕ್ಕ ಹಾಗೆ ಬೀಳುವುದನ್ನು ಮೊದಲು ಕಲಿಸುತ್ತಾರೆ. ಮರಳು ಹಾಸಿದ ನೆಲದಲ್ಲಿ ಓಟ, ಪಲ್ಟಿ, ಹೆಗಲ ಮೇಲೆ ಉರುಳಿ ಎದ್ದು ಮತ್ತೆ ಓಟ. ಪ್ರತಿ ಕ್ಲಾಸ್ ಶುರುವಾಗುವುದೇ ಹೀಗೆ.

ಕುದುರೆಯದು ಹೆಗಲ ಎತ್ತರವೇ 1.72 ಮೀಟರ್. ನಾನು 1.58. ಪಕ್ಕ ನಿಂತರೆ ಅದರ ಬೆನ್ನು ನನಗೆ ಕಾಣಿಸುವುದಿಲ್ಲ. ಕಂದು ಬಣ್ಣ, ಅಗಲ ಬೆನ್ನು, ಗಂಭೀರ ಮುಖ. ಯಾರು ಬಂದರೂ ಹೋದರೂ ಅರ್ಧ ಕಣ್ಣು ಮುಚ್ಚಿ ನಿಂತಿರುತ್ತೆ. ನಾನು ಮನಸ್ಸಿನಲ್ಲೇ ದೊಡ್ಡಪ್ಪ ಅಂತ ಹೆಸರಿಟ್ಟೆ. ಈಗ ಗುಂಪಿನ ಜರ್ಮನ್ ಹುಡುಗಿಯರೂ ‘ಡೊಡ್ಡಪ್ಪಾ’ ಅಂತಲೇ ಕರೆಯುತ್ತಾರೆ.

ಕ್ಲಾಸಿಗೆ ಮುಂಚೆ ಸರದಿಯಂತೆ ಇಬ್ಬರು ಬೇಗ ಬಂದು ಕುದುರೆಯನ್ನು ತಯಾರು ಮಾಡಬೇಕು. ನನಗೆ ತುಂಬ ಇಷ್ಟವಾದ ಕೆಲಸ ಇದು. ಮೊದಲು ರಬ್ಬರ್ ಬ್ರಷ್ಷಿನಲ್ಲಿ ದುಂಡಗೆ ಉಜ್ಜಿ ಒಣಗಿದ ಕೆಸರು, ಸತ್ತ ಕೂದಲು ಮೇಲೆ ತರಬೇಕು. ಆಮೇಲೆ ಮೆತ್ತನೆ ಬ್ರಷ್ಷಿನಲ್ಲಿ ಕೂದಲು ಮಲಗಿದ ಕಡೆಗೆ ಒರೆಸಬೇಕು. ಬೆಲ್ಟ್ ಬರುವ ಜಾಗದಲ್ಲಿ ಒಂದು ಹುಲ್ಲುಕಡ್ಡಿ ಉಳಿದರೂ ಚರ್ಮ ತರಚುತ್ತದೆ. ಗೊರಸು ಎತ್ತಿ ಹಿಡಿದು, ಹಿಮ್ಮಡಿಯಿಂದ ಮುಂದಕ್ಕೆ, ಕೊಕ್ಕೆಯಲ್ಲಿ ಮಣ್ಣು ತೆಗೆಯಬೇಕು. ನಡುವಿನ ಮೆತ್ತನೆ ಭಾಗಕ್ಕೆ ಕೊಕ್ಕೆ ಚುಚ್ಚಬಾರದು. ದೊಡ್ಡಪ್ಪನ ಕಾಲು ಎತ್ತೋಕೆ ಹೋದರೆ ತನ್ನ ಭಾರ ಅಷ್ಟನ್ನೂ ನಮ್ಮ ಮೇಲೇ ಬಿಡುತ್ತೆ. ಭುಜದಿಂದ ಸ್ವಲ್ಪ ತಳ್ಳಿದರೆ ಮಾತ್ರ, ಸರಿ ಅಂತ ಕಾಲು ಕೊಡುತ್ತೆ.

ಬೆನ್ನಿನ ಮೇಲೆ ದಪ್ಪ ಫೋಮಿನ ಪ್ಯಾಡ್. ಅದರ ಮೇಲೆ ಅಗಲದ ಚರ್ಮದ ಬೆಲ್ಟ್. ಬೆಲ್ಟಿನ ಮೇಲೆ ಎರಡು ಗಟ್ಟಿ ಹಿಡಿಗಳು, ಪಕ್ಕದಲ್ಲಿ ಕಾಲು ತೂರಿಸಲು ಕುಣಿಕೆಗಳು. ಬೆಲ್ಟನ್ನು ಒಂದೇ ಸಲ ಬಿಗಿಯಬಾರದು. ಸ್ವಲ್ಪ ಬಿಗಿದು, ನಾಲ್ಕು ಹೆಜ್ಜೆ ನಡೆಸಿ, ಮತ್ತೆ ಬಿಗಿಯಬೇಕು. ಇಷ್ಟೇ ಸಾಮಾನು. ಜೀನಿಲ್ಲ, ರಿಕಾಪಿಲ್ಲ. ಲಗಾಮು ನಮ್ಮ ಕೈಗೆ ಬರುವುದೇ ಇಲ್ಲ. ಕುದುರೆ ಎಷ್ಟು ವೇಗ ಓಡಬೇಕು, ಯಾವಾಗ ನಿಲ್ಲಬೇಕು ಅನ್ನುವುದೆಲ್ಲ ನಡುವೆ ಹಗ್ಗ ಮತ್ತು ಚಾವಟಿ ಹಿಡಿದು ನಿಂತ ಕೋಚ್‌ದು. ಚಾವಟಿ ಹೊಡೆಯೋಕಲ್ಲ, ದಾರಿ ತೋರಿಸೋಕೆ. ಸ್ಪರ್ಧೆಯಲ್ಲಿ ಓಟ ಯಾವಾಗಲೂ ಎಡಕ್ಕೆ. ಬೆನ್ನು ಒಂದೇ ಕಡೆ ಸವೆಯಬಾರದು ಅಂತ ನಮ್ಮ ಕೋಚ್ ವಾರ್ಮಪ್‌ನಲ್ಲಿ ಬಲಕ್ಕೂ ಓಡಿಸುತ್ತಾರೆ.

ದೊಡ್ಡವರಾದ ಮೇಲೆ ಕುದುರೆ ಕಲಿಯುವವರು ಇಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ. ಲಗಾಮು ಕೈಯಲ್ಲಿದ್ದರೆ ಹೆದರಿದಾಗ ಎಳೆಯುತ್ತೇವೆ. ಎಳೆದರೆ ಕುದುರೆ ಬಾಯಿಗೆ ನೋವು. ಅದು ತಲೆ ಎತ್ತುತ್ತೆ, ನಾವು ಇನ್ನೂ ಹೆದರುತ್ತೇವೆ. ವಾಲ್ಟಿಂಗ್‌ನಲ್ಲಿ ಎಳೆಯೋಕೆ ಏನೂ ಇಲ್ಲ. ನಿಮ್ಮ ಮೈಯನ್ನು ನೀವು ನೋಡಿಕೊಂಡರೆ ಸಾಕು. ದುಡ್ಡಿನ ಲೆಕ್ಕಕ್ಕೂ ಇದು ಹಗುರ. ಒಂದೇ ಕುದುರೆಯನ್ನು ಎಂಟು ಜನ ಹಂಚಿಕೊಳ್ಳುತ್ತೇವಲ್ಲ.

ಹಂಚಿಕೊಳ್ಳುವುದು ಅಂದರೆ ಕಾಯುವುದು. ಒಬ್ಬೊಬ್ಬರ ಪಾಲಿಗೆ ಬರೋದು ಕೆಲವೇ ನಿಮಿಷ. ಉಳಿದ ಹೊತ್ತೆಲ್ಲ ಮೂಲೆಯಲ್ಲಿರುವ ಡ್ರಮ್ಮಿನ ಮೇಲೆ. ಕಬ್ಬಿಣದ ಪೀಪಾಯಿಗೆ ನಾಲ್ಕು ಕಾಲು ಹಚ್ಚಿ, ಮೆತ್ತೆ ಹೊದಿಸಿ, ಮುಂದೆ ಎರಡು ಹಿಡಿ ಕೂರಿಸಿದ ಕುದುರೆ ಅದು. ಯಾವುದನ್ನೇ ಆಗಲಿ ಮೊದಲು ಅದರ ಮೇಲೆ, ಆಮೇಲೆ ನಡೆಯುವ ಕುದುರೆಯ ಮೇಲೆ, ಕೊನೆಗೆ ಓಡುವ ಕುದುರೆಯ ಮೇಲೆ. ಶುರುವಿನಲ್ಲಿ ನನಗೆ ಬೇಸರ ಆಗುತ್ತಿತ್ತು. ಕುದುರೆ ಅಂತ ಬಂದರೆ ಡ್ರಮ್ ಹತ್ತಿಸ್ತಾರಲ್ಲ ಅಂತ. ಆದರೆ ಡ್ರಮ್ಮಿಗೆ ದಣಿವಿಲ್ಲ, ಬೆನ್ನುನೋವಿಲ್ಲ. ನಮ್ಮ ಒದ್ದಾಟ ಎಲ್ಲ ಅದರ ಮೇಲೇ ಮುಗಿಯಲಿ ಅನ್ನುವುದು ನ್ಯಾಯವೇ.

ಕಡ್ಡಾಯದ ವರಸೆಗಳು ಕೆಲವೇ. ಕೈ ಎರಡೂ ಅಗಲಿಸಿ ನೇರ ಕೂರುವ ಬೇಸಿಕ್ ಸೀಟ್. ಒಂದು ಮಂಡಿ ಊರಿ, ಬಲಗಾಲು ಹಿಂದಕ್ಕೆ, ಎಡಗೈ ಮುಂದಕ್ಕೆ ಚಾಚುವ ಫ್ಲ್ಯಾಗ್. ಕೂತಲ್ಲೇ ಕಾಲು ದಾಟಿಸುತ್ತಾ ಒಂದು ಸುತ್ತು ತಿರುಗುವ ಮಿಲ್. ಆಮೇಲೆ ಕಾಲು ಮೇಲೆ ಬೀಸಿ ಗಾಳಿಯಲ್ಲಿ ಕತ್ತರಿಯ ಹಾಗೆ ದಾಟಿಸುವ ಸಿಸರ್ಸ್, ಎದ್ದು ನಿಲ್ಲುವ ಸ್ಟ್ಯಾಂಡ್, ಕಾಲು ಹಿಂದಕ್ಕೆ ಬೀಸಿ ಪಕ್ಕಕ್ಕೆ ಇಳಿಯುವ ಫ್ಲ್ಯಾಂಕ್. ಕೂತರೂ ನಿಂತರೂ ಕುದುರೆಯ ನಾಲ್ಕು ನೆಗೆತದಷ್ಟು ಹೊತ್ತು ಅಲುಗದೆ ಇರಬೇಕು. ನೋಡುವವರಿಗೆ ನಾಲ್ಕು ನೆಗೆತ ಅಂದರೆ ಏನೂ ಅಲ್ಲ. ಮೇಲಿರುವವರಿಗೆ ಅದು ಮುಗಿಯೋದೇ ಇಲ್ಲ.

ನಡೆಯುವ ಕುದುರೆ ಮೇಲೆ ಬೇಸಿಕ್ ಸೀಟ್ ಬೇಗ ಬಂತು. ಕುದುರೆ ನೆಗೆಯುತ್ತಾ ಓಡುವ ಕ್ಯಾಂಟರ್ ಬೇರೆಯೇ ಕಥೆ. ಕೋಚ್ ‘ಗಾಲೋಪ್’ ಅಂದರು, ಕ್ಯಾಂಟರಿಗೆ ಜರ್ಮನ್‌ನಲ್ಲಿ ಹಾಗೇ ಅನ್ನೋದು. ದೊಡ್ಡಪ್ಪ ಒಂದು ಉಸಿರು ಬಿಟ್ಟು ಎದ್ದ. ನನ್ನ ಕುಂಡೆ ಒಂದು ಕಡೆ, ಪ್ಯಾಡ್ ಒಂದು ಕಡೆ. ಹಿಡಿಯನ್ನು ಎಷ್ಟು ಬಿಗಿಯಾಗಿ ಹಿಡಿದರೆ ಅಷ್ಟು ಜಾಸ್ತಿ ಎಗರುತ್ತಿದ್ದೆ. ಕೋಚ್ ನಡುವಿನಿಂದ ಕೂಗಿದರು, ‘ಉಸಿರಾಡು! ಏನಾದ್ರೂ ಹಾಡು!’ ಹಾಡಿದರೆ ಉಸಿರು ತಾನಾಗಿ ಹೊರಗೆ ಬರುತ್ತೆ, ಸೊಂಟ ಸಡಿಲ ಆಗುತ್ತೆ, ಅದಕ್ಕೇ ಇಲ್ಲಿ ಮಕ್ಕಳ ಕೈಯಲ್ಲೂ ಹಾಡಿಸುತ್ತಾರೆ. ನನಗೆ ಆ ಗಾಬರಿಯಲ್ಲಿ ಒಂದು ಹಾಡೂ ನೆನಪಾಗಲಿಲ್ಲ. ಬಾಯಿಗೆ ಬಂದಿದ್ದು ತಕಿಟ.

ಅದೇ ಸರಿಯಾಗಿತ್ತು. ಎಡಕ್ಕೆ ಓಡುವ ಕುದುರೆ ಕ್ಯಾಂಟರಿನಲ್ಲಿ ಮೊದಲು ಬಲ ಹಿಂಗಾಲು ಊರುತ್ತೆ. ಆಮೇಲೆ ಎಡ ಹಿಂಗಾಲು, ಬಲ ಮುಂಗಾಲು ಎರಡೂ ಒಟ್ಟಿಗೆ. ಕೊನೆಗೆ ಎಡ ಮುಂಗಾಲು. ಮೂರು ಪೆಟ್ಟು. ಅದಾದ ಮೇಲೆ ನಾಲ್ಕೂ ಕಾಲು ಗಾಳಿಯಲ್ಲಿರುವ ಒಂದು ಸಣ್ಣ ಬಿಡುವು. ತ, ಕಿ, ಟ, ಬಿಡುವು. ಜೋರಾಗಿ ಹೇಳುತ್ತಾ ಹೋದೆ. ಎರಡು ಸುತ್ತಿನ ಹೊತ್ತಿಗೆ ಕುದುರೆ ನನ್ನನ್ನು ಎಲ್ಲಿ ಎತ್ತುತ್ತೆ, ಎಲ್ಲಿ ಇಳಿಸುತ್ತೆ ಅಂತ ಗೊತ್ತಾಗತೊಡಗಿತು. ಕೈ ಬಿಟ್ಟೆ. ಬಿದ್ದಿಲ್ಲ! ಸಾಲಿನಲ್ಲಿ ನಿಂತವರು ‘ತಕಿಟಾ’ ಅಂತ ಕೂಗಿದರು.

ಫ್ಲ್ಯಾಗ್ ಮಾತ್ರ ತುಂಬ ದಿನ ಕಾಡಿತು. ಮಂಡಿಯೂರಿ ಬಲಗಾಲು ಹಿಂದಕ್ಕೆ ಎತ್ತಿದ ಕೂಡಲೇ ದೊಡ್ಡಪ್ಪ ಕಿವಿ ಹಿಂದಕ್ಕೆ ಮಾಡುತ್ತಿದ್ದ, ಓಟದ ಹದ ಕೆಡುತ್ತಿತ್ತು. ಒಂದಿನ ಕೋಚ್ ಕುದುರೆ ನಿಲ್ಲಿಸಿದರು. ನನ್ನನ್ನು ಮರಳಿನ ಮೇಲೆ ಅಂಗೈ, ಮಂಡಿ ಊರಿಸಿ ನಿಲ್ಲಿಸಿದರು. ನನ್ನ ಬೆನ್ನಿನ ಮೇಲೆ ತಮ್ಮ ಒಂದು ಮಂಡಿ ಊರಿದರು. ಜೀವ ಹೋಯಿತು. ಆಮೇಲೆ ಅದೇ ಕಾಲನ್ನು ಓರೆಯಾಗಿ ಇಟ್ಟು, ಮಂಡಿಯಿಂದ ಪಾದದವರೆಗೆ ಇಡೀ ಕೆಳಗಾಲು ತಾಗುವ ಹಾಗೆ ಭಾರ ಹರಡಿದರು. ಅಷ್ಟೇ ತೂಕ, ನೋವೇ ಇಲ್ಲ. ‘ಗೊತ್ತಾಯ್ತಾ?’ ಅಂದರು. ಗೊತ್ತಾಯಿತು. ಅಲ್ಲಿವರೆಗೆ ನಾನು ಕಾಲು ಎಷ್ಟು ಎತ್ತರ ಹೋಯಿತು ಅಂತಲೇ ನೋಡುತ್ತಿದ್ದೆ. ಈಗ ಕುದುರೆಯ ಕಿವಿ ನೋಡುತ್ತೇನೆ. ಸ್ಪರ್ಧೆಗಳಲ್ಲಿ ಕುದುರೆಗೇ ಬೇರೆ ಅಂಕ ಇದೆ. ಮೇಲಿನವರು ಎಷ್ಟೇ ಚೆನ್ನಾಗಿ ಮಾಡಿದರೂ ಕುದುರೆ ಕಿರಿಕಿರಿಯಲ್ಲಿ ಓಡಿದರೆ ಅಂಕ ಹೋಗುತ್ತೆ. ಈ ನಿಯಮ ಮಾಡಿದವರಿಗೆ ನಮಸ್ಕಾರ.

ಹತ್ತುವುದು ಇನ್ನೂ ನನ್ನ ಕೈಗೆ ಪೂರ್ತಿ ಬಂದಿಲ್ಲ. ಹಗ್ಗದ ಪಕ್ಕದಲ್ಲೇ ಓಡಿ ಕುದುರೆಯ ಭುಜದ ಹತ್ತಿರ ಹೋಗಬೇಕು. ಹಿಡಿ ಹಿಡಿದು ಅದರ ಹೆಜ್ಜೆಗೆ ಹೆಜ್ಜೆ ಸೇರಿಸಿ ಓಡಬೇಕು. ಅದರ ಒಳಗಿನ, ಅಂದರೆ ಕೋಚ್ ಕಡೆಯ, ಮುಂಗಾಲು ನೆಲ ಮುಟ್ಟುವ ಹೊತ್ತಿಗೆ ನಮ್ಮ ಎರಡೂ ಕಾಲು ಜೋಡಿಸಿ ನೆಲ ಒದೆಯಬೇಕು. ಹೊತ್ತು ಸರಿ ಸಿಕ್ಕಿದರೆ ಕುದುರೆಯೇ ಎಳೆದುಕೊಂಡು ಹೋಗುತ್ತೆ, ತೋಳಿನ ಬಲ ಅಷ್ಟು ಬೇಡ. ಹೊತ್ತು ತಪ್ಪಿದರೆ ಪೈಲ್ವಾನನಿಗೂ ಆಗದು. ನನ್ನ ಎತ್ತರಕ್ಕೆ ಇನ್ನೂ ಒಬ್ಬರು ಕಾಲು ಹಿಡಿದು ಎತ್ತಿಕೊಡಬೇಕು. ಒಂಬತ್ತು ವರ್ಷದ ಹುಡುಗಿಯರು ನನ್ನ ಪಕ್ಕದಲ್ಲೇ ಹಾರಿ ಕೂರುತ್ತಾರೆ. ಹೊಟ್ಟೆ ಉರಿಯುತ್ತೆ, ಏನ್ಮಾಡೋದು.

ಇಳಿಯುವುದು ಅದಕ್ಕಿಂತ ಸುಲಭ, ಆದರೆ ಭಯ ಜಾಸ್ತಿ. ಬಲಗಾಲನ್ನು ಕುದುರೆಯ ಕುತ್ತಿಗೆ ಮೇಲಿಂದ ದಾಟಿಸಿ ಒಳಬದಿಗೆ ತರಬೇಕು. ಎರಡೂ ಕಾಲು ಜೋಡಿಸಿ ತಳ್ಳಿಕೊಂಡು ಇಳಿಯಬೇಕು. ಮುಖ ಕುದುರೆ ಹೋಗುವ ಕಡೆಗೇ ಇರಬೇಕು. ನೆಲ ಸಿಕ್ಕಿತು ಅಂತ ನಿಂತುಬಿಟ್ಟರೆ ಮುಗ್ಗರಿಸುವುದು ಗ್ಯಾರಂಟಿ. ಇಳಿದ ಮೇಲೂ ಓಡಬೇಕು. ನನ್ನ ತಲೆಗೆ ಇದು ಮೊದಲ ದಿನವೇ ಹೋಯಿತು, ಕಾಲಿಗೆ ಹೋಗಲು ಒಂದು ಚಳಿಗಾಲ ಬೇಕಾಯಿತು.

ನೋವಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಒಳತೊಡೆ, ಕಿಬ್ಬೊಟ್ಟೆ, ಮಣಿಕಟ್ಟು. ಶುರುವಿನ ತಿಂಗಳುಗಳಲ್ಲಿ ಮಂಗಳವಾರ ಬೆಳಿಗ್ಗೆ ಆಫೀಸಿನ ಮೆಟ್ಟಿಲು ಕೈಗಂಬಿ ಹಿಡಿದೇ ಇಳಿಯಬೇಕಿತ್ತು.

ಕ್ಲಬ್ ಸೇರಿದರೆ ದುಡ್ಡು ಕೊಟ್ಟ ಮಾತ್ರಕ್ಕೆ ಮುಗಿಯುವುದಿಲ್ಲ. ವರ್ಷಕ್ಕೆ ಇಷ್ಟು ಗಂಟೆ ಅಂತ ಲಾಯದ ಕೆಲಸವೂ ಮಾಡಬೇಕು. ಮಾಡದಿದ್ದರೆ ಗಂಟೆಗೆ ಇಷ್ಟು ಅಂತ ದಂಡ. ಬೇಲಿಗೆ ಬಣ್ಣ, ಮರಳು ಸಮ ಮಾಡುವುದು, ಲದ್ದಿ ಬಾಚುವುದು, ಸ್ಪರ್ಧೆಯ ದಿನ ಕೇಕ್ ಮಾರುವುದು. ಒಂದು ಶನಿವಾರ ಕೈಯಲ್ಲಿ ಸಲಿಕೆ ಹಿಡಿದೇ ಅಮ್ಮನ ವಿಡಿಯೋ ಕಾಲ್ ತಗೊಂಡೆ.

‘ದುಡ್ಡೂ ಕೊಟ್ಟು ಲದ್ದೀನೂ ಬಾಚ್ತೀಯೇನೇ?’

‘ಹೂಂ ಅಮ್ಮ. ಎಲ್ಲರೂ ಬಾಚ್ತಾರೆ, ಅಧ್ಯಕ್ಷರೂ ಬಾಚ್ತಾರೆ.’

‘ಆಮೇಲೆ ಒಲಿಂಪಿಕ್ಸ್‌ಗೆ ಕಳಿಸ್ತಾರಾ?’

ಒಲಿಂಪಿಕ್ಸ್‌ನಲ್ಲಿ ವಾಲ್ಟಿಂಗ್ ಇಲ್ಲ. ಇದ್ದದ್ದು ಒಂದೇ ಸಲ, 1920ರಲ್ಲಿ, ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ. ಆಗ ಅದು ಸೈನಿಕರ ಆಟ, ತಂಡದ ಚಿನ್ನ ಬೆಲ್ಜಿಯಂನವರಿಗೇ ಹೋಯಿತು. ಜಾಗತಿಕ ಕುದುರೆ ಸವಾರಿ ಒಕ್ಕೂಟ ಇದನ್ನು ತನ್ನ ಆಟಗಳ ಪಟ್ಟಿಗೆ ಸೇರಿಸಿದ್ದು 1983ರಲ್ಲಿ. ಮೊದಲ ವಿಶ್ವ ಚಾಂಪಿಯನ್‌ಶಿಪ್ 1986ರಲ್ಲಿ ಸ್ವಿಟ್ಜರ್ಲೆಂಡಿನ ಬುಲ್ ಊರಿನಲ್ಲಿ ಆಯಿತು. 2026ರ ಆಗಸ್ಟ್‌ನ ವಿಶ್ವ ಚಾಂಪಿಯನ್‌ಶಿಪ್‌ಗೆ ಆರಿಸಿದ್ದು ನಮ್ಮ ಆಖೆನ್ನನ್ನೇ, ವಾಲ್ಟಿಂಗ್ ಸಮೇತ. ಇದನ್ನೆಲ್ಲ ಹೇಳಿದರೆ ಅಮ್ಮ, ‘ಸರಿ ಬಿಡು, ನೀನು ಕೇಕ್ ಮಾರು’ ಅಂದರು.

ಈಗ ಎಲ್ಲಿಗೆ ಬಂದಿದ್ದೇನೆ ಅಂದರೆ: ಕ್ಯಾಂಟರಿನಲ್ಲಿ ಬೇಸಿಕ್ ಸೀಟ್, ಮಿಲ್, ಕೈ ಚಾಚಿದ ಫ್ಲ್ಯಾಗ್ ಬರುತ್ತೆ. ನಿಲ್ಲುವುದು ನಡಿಗೆಯಲ್ಲಿ ಮಾತ್ರ. ನಿಂತಾಗ ಕೆಳಗೆ ನೋಡಬಾರದು, ಮಂಡಿ ಗಟ್ಟಿ ಮಾಡಬಾರದು. ಹಾಲ್‌ನಲ್ಲಿ ದೂರದಿಂದ ನೋಡಿದ್ದ ಆ ಮಂಡಿಯ ಕೆಲಸ ಏನು ಅಂತ ಈಗ ಅರ್ಥವಾಗುತ್ತಿದೆ. ಕುದುರೆಯ ಬೆನ್ನು ಎದ್ದು ಬರುವುದನ್ನು ಪಾದ ಮೊದಲು ತಿಳಿಯುತ್ತೆ. ಹಿಮ್ಮಡಿ, ಪಾದದ ಗಂಟು, ಮಂಡಿ ಒಂದೊಂದಾಗಿ ಅದನ್ನು ಹೀರಿಕೊಳ್ಳುತ್ತವೆ. ಒಂದು ಗಂಟು ಬಿಗಿಯಾದರೂ ಕುಲುಕು ನೇರ ತಲೆಗೆ. ಓಡುವ ಕುದುರೆ ಮೇಲೆ ನಿಲ್ಲೋಕೆ ಮನಸ್ಸಿದೆ. ಕೋಚ್ ಇನ್ನೂ ‘ಡ್ರಮ್’ ಅಂತಲೇ ಬೆರಳು ತೋರಿಸುತ್ತಾರೆ. ಸಿಸರ್ಸ್ ಅಂತೂ ಡ್ರಮ್ಮಿನ ಮೇಲೂ ಹಾಸ್ಯವೇ.

ಡಿಸೆಂಬರಿನಲ್ಲಿ ಕ್ಲಬ್‌ನ ಕ್ರಿಸ್‌ಮಸ್ ಪ್ರದರ್ಶನ ಇದೆ. ಎಲ್ಲ ಗುಂಪಿನವರೂ ವೇಷ ಹಾಕಿ, ಹಾಡು ಹಾಕಿ ಏನಾದರೂ ಮಾಡಬೇಕು. ನನ್ನ ಕೆಲಸ ಕುದುರೆ ಮೇಲೆ ಗಟ್ಟಿಯಾಗಿ ಕೂತು, ಮುಂದೆ ಮಂಡಿಯೂರುವ ಪುಟ್ಟ ಹುಡುಗಿಯ ಸೊಂಟ ಹಿಡಿಯುವುದು. ಹಾಡು ನಮ್ಮ ಕಡೆಯದು ಇರಲಿ ಅಂತ ಗುಂಪಿನವರ ಆಸೆ. ಸೀರೆ ಉಡ್ತೀಯಾ ಅಂತ ಕೇಳಿದರು. ಸೀರೆಯಲ್ಲಿ ಕುದುರೆ ಹತ್ತೋಕಾಗುತ್ತಾ ಅಂತ ನಾನು ನಕ್ಕೆ. ಅಮ್ಮ ನಗಲಿಲ್ಲ. ‘ಕಿತ್ತೂರು ಚೆನ್ನಮ್ಮನ ಪ್ರತಿಮೆ ನೋಡಿಲ್ವೇನೇ? ಕುದುರೆ ಮೇಲೇ ಕೂತಿಲ್ವಾ? ಕಚ್ಚೆ ಹಾಕ್ಕೋ’ ಅಂದರು. ಕೋಚ್‌ಗೆ ಪ್ರತಿಮೆಯ ಫೋಟೋ ತೋರಿಸಿದೆ. ಅವರು ಕನ್ನಡಕ ಏರಿಸಿ ಚೆನ್ನಾಗಿ ನೋಡಿದರು. ಹಿಡಿಗೆ, ಕುಣಿಕೆಗೆ ಸಿಕ್ಕಿಕೊಳ್ಳುವ ಬಟ್ಟೆ ಒಂದು ಗೇಣೂ ಆಗದು, ಬೇಕಿದ್ದರೆ ಲೆಗ್ಗಿಂಗ್ಸಿಗೆ ಜರಿ ಅಂಚು ಹೊಲಿಸಿಕೋ ಅಂದರು. ಅಮ್ಮ ಮೈಸೂರಿನಿಂದ ಅಂಚು ಕಳಿಸಿದ್ದಾರೆ, ಐದು ಮೀಟರ್. ದೊಡ್ಡಪ್ಪನ ಬೆಲ್ಟಿಗೂ ಅಂತ ಲೆಕ್ಕ ಹಾಕಿದ್ದಾರಂತೆ.